ನಿರ್ಮಾಣ ತಂತ್ರಜ್ಞಾನ ಸಮ್ಮೇಳನಕ್ಕೆ ಹೋಗುವ ಸದಸ್ಯರಿಗೆ: ನೋಡಬೇಕಾದದ್ದು, ಕೇಳಬೇಕಾದದ್ದು, ತರಬಾರದ್ದು

ಯಾವುದೇ ಗ್ರಾಮ ಪಂಚಾಯತಿಯ ವಾರ್ಷಿಕ ಕ್ರಿಯಾ ಯೋಜನೆಯನ್ನು ತೆರೆದು ನೋಡಿದರೂ ಅದರಲ್ಲಿ ನಿರ್ಮಾಣದ ಕೆಲಸಗಳೇ ಎದ್ದು ಕಾಣುತ್ತವೆ. ಕಾಂಕ್ರೀಟ್ ರಸ್ತೆ, ಚರಂಡಿ, ಅಂಗನವಾಡಿ ಕೊಠಡಿ, ಶಾಲೆಯ ಕಾಂಪೌಂಡ್ ಗೋಡೆ, ನೀರಿನ ತೊಟ್ಟಿ, ವಸತಿ ಯೋಜನೆಯ ಮನೆಗಳು. ಇವುಗಳಿಗೆ ಅನುಮೋದನೆ ನೀಡುವವರು ಸದಸ್ಯರು. ಕೆಲಸ ಕಳಪೆಯಾದಾಗ ಗ್ರಾಮಸ್ಥರ ಪ್ರಶ್ನೆಗಳನ್ನು ಎದುರಿಸುವವರೂ ಸದಸ್ಯರೇ. ಆದರೆ ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡ್, ಇಟ್ಟಿಗೆ, ಯಂತ್ರ ಇವುಗಳ ವಿಷಯದಲ್ಲಿ ಹೊಸದೇನು ಬಂದಿದೆ ಎಂಬುದು ಸದಸ್ಯರಿಗೆ ತಿಳಿಯುವುದು ಬಹುಮಟ್ಟಿಗೆ ಗುತ್ತಿಗೆದಾರರ ಬಾಯಿಂದ ಮಾತ್ರ. ವಸ್ತುವನ್ನು ತಯಾರಿಸುವವನನ್ನೇ ನೇರವಾಗಿ ಕಂಡು ಪ್ರಶ್ನಿಸಲು ದೊರೆಯುವ ಕೆಲವೇ ಸ್ಥಳಗಳಲ್ಲಿ ನಿರ್ಮಾಣ ತಂತ್ರಜ್ಞಾನದ ಸಮ್ಮೇಳನ ಮತ್ತು ವಸ್ತುಪ್ರದರ್ಶನಗಳು ಸೇರಿವೆ.

ಇತ್ತೀಚಿನ ವರ್ಷಗಳಲ್ಲಿ ಗ್ರಾಮ ಪಂಚಾಯತಿ ಸದಸ್ಯರು ಇಂತಹ ಸಮ್ಮೇಳನಗಳಿಗೆ ಹೋಗಲು ಆಸಕ್ತಿ ತೋರುತ್ತಿರುವುದು ಸ್ವಾಗತಾರ್ಹ. ಆದರೆ ಹೋಗಿ ಬಂದವರ ಕೈಯಲ್ಲಿ ಕೆಲವೊಮ್ಮೆ ತಿಳಿವಳಿಕೆಯ ಬದಲು ಕಂಪನಿಯೊಂದರ ದರಪತ್ರವಿರುತ್ತದೆ. ಆ ದರಪತ್ರವೇ ಮುಂದಿನ ಸಾಮಾನ್ಯ ಸಭೆಯ ವಿಷಯವಾಗಿ, ಅದರಿಂದ ಮುಂದೆ ಲೆಕ್ಕಪರಿಶೋಧನೆಯ ಆಕ್ಷೇಪಣೆಯೂ ಆಗಿಬಿಡಬಹುದು. ಆದುದರಿಂದ ಹೋಗುವುದು ಹೇಗೆ, ಅಲ್ಲಿ ಏನನ್ನು ನೋಡಬೇಕು, ಬಂದ ಮೇಲೆ ಯಾವ ಕ್ರಮವನ್ನು ಅನುಸರಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ರಾಜ್ಯದವರಿಗೆ ಹತ್ತಿರದ ದೊಡ್ಡ ಪ್ರದರ್ಶನವೆಂದರೆ ‘ಎಕ್ಸ್‌ಕಾನ್’. ಭಾರತೀಯ ಕೈಗಾರಿಕಾ ಒಕ್ಕೂಟವು ಇದನ್ನು ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಸುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ, ಡಿಸೆಂಬರ್ ತಿಂಗಳಲ್ಲಿ, 5 ದಿನಗಳ ಕಾಲ ನಡೆಯುವ ಈ ಪ್ರದರ್ಶನವು ಕೋವಿಡ್ ಕಾರಣದಿಂದ ಒಮ್ಮೆ 2022ರ ಮೇ ತಿಂಗಳಿಗೆ ಮುಂದೂಡಲ್ಪಟ್ಟು, ಅನಂತರ 2023ರ ಡಿಸೆಂಬರ್ 12ರಿಂದ 16ರವರೆಗೆ ನಡೆಯಿತು. 2024ರ ನವೆಂಬರ್‌ನಲ್ಲಿ ನಮ್ಮ ಮೆಟ್ರೋದ ಹಸಿರು ಮಾರ್ಗವು ನಾಗಸಂದ್ರದಿಂದ ಮಾದಾವರದವರೆಗೆ ವಿಸ್ತರಣೆಯಾದ ಮೇಲೆ ಜಿಲ್ಲೆಗಳಿಂದ ಬರುವವರಿಗೆ ಅಲ್ಲಿಗೆ ತಲುಪುವುದು ಸುಲಭವಾಗಿದೆ. ಪ್ರದರ್ಶನದ ದಿನಗಳಲ್ಲಿ ತುಮಕೂರು ರಸ್ತೆಯ ವಾಹನ ದಟ್ಟಣೆಯನ್ನು ಕಂಡವರಿಗೆ ಈ ಮಾತಿನ ಬೆಲೆ ತಿಳಿದಿರುತ್ತದೆ.

ಎರಡನೆಯ ಬಗೆಯದು ಸರ್ಕಾರವೇ ಏರ್ಪಡಿಸುವ ಸಮ್ಮೇಳನ. 2019ರ ಮಾರ್ಚ್ 2 ಮತ್ತು 3ರಂದು ನವದೆಹಲಿಯ ವಿಜ್ಞಾನ ಭವನದಲ್ಲಿ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ನಡೆಸಿದ ‘ಕನ್‌ಸ್ಟ್ರಕ್ಷನ್ ಟೆಕ್ನಾಲಜಿ ಇಂಡಿಯಾ’ ಸಮ್ಮೇಳನ ಇದಕ್ಕೆ ಉದಾಹರಣೆ. ಈ ಎರಡು ಬಗೆಗಳ ಉದ್ದೇಶ ಬೇರೆ ಬೇರೆ. ಮೊದಲನೆಯದು ಮುಖ್ಯವಾಗಿ ಮಾರಾಟದ ಸ್ಥಳ. ಎರಡನೆಯದು ಯಾವ ತಂತ್ರಜ್ಞಾನವನ್ನು ಸರ್ಕಾರ ಒಪ್ಪಬಹುದು ಎಂಬುದನ್ನು ಪರೀಕ್ಷಿಸುವ ಸ್ಥಳ. ಎರಡರಲ್ಲಿಯೂ ಮಳಿಗೆಗಳಿರುತ್ತವೆ, ಎರಡರಲ್ಲಿಯೂ ಉಪನ್ಯಾಸಗಳಿರುತ್ತವೆ. ಮಳಿಗೆಯಲ್ಲಿ ಕೇಳುವ ಮಾತು ಮಾರುವವನ ಮಾತು. ಉಪನ್ಯಾಸ ಸಭೆಯಲ್ಲಿ ಬಳಸಿದವರ ಮಾತನ್ನೂ ಕೇಳಬಹುದು. ಉಪನ್ಯಾಸಗಳು ಬಹುತೇಕ ಇಂಗ್ಲಿಷಿನಲ್ಲಿಯೇ ನಡೆಯುವುದರಿಂದ ನಮ್ಮ ಸದಸ್ಯರು ಅತ್ತ ಸುಳಿಯದೆ ಯಂತ್ರಗಳ ಮುಂದೆಯೇ ದಿನ ಕಳೆಯುವುದುಂಟು. ಅಭಿಯಂತರರೊಬ್ಬರು ಜೊತೆಗಿದ್ದು ಅಲ್ಲಲ್ಲಿಯೇ ಕನ್ನಡದಲ್ಲಿ ತಿಳಿಸುತ್ತ ಹೋದರೆ ಈ ನಷ್ಟವನ್ನು ತಪ್ಪಿಸಬಹುದು.

ಹೋಗುವ ಮುನ್ನ

ಊರಿನ ಸಮಸ್ಯೆಯನ್ನು ಜೊತೆಗೆ ಒಯ್ಯದೆ ಹೋದವರು ಜಾತ್ರೆ ನೋಡಿ ಬಂದಂತೆ ಬರುತ್ತಾರೆ. ಹೊರಡುವ ಮುನ್ನ ಸದಸ್ಯರು, ಪಂಚಾಯತಿ ಅಭಿವೃದ್ಧಿ ಅಧಿಕಾರಿ ಮತ್ತು ಕಿರಿಯ ಅಭಿಯಂತರರು ಒಟ್ಟಿಗೆ ಕುಳಿತು, ಕಳೆದ 3 ವರ್ಷಗಳ ಕಾಮಗಾರಿಗಳಲ್ಲಿ ಯಾವುದು ಬೇಗನೆ ಹಾಳಾಯಿತು, ಏಕೆ ಹಾಳಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಯಾವ ಓಣಿಯ ಕಾಂಕ್ರೀಟ್ ಒಂದೇ ಮಳೆಗಾಲಕ್ಕೆ ಮೇಲ್ಪದರ ಕಿತ್ತುಕೊಂಡಿತು, ಯಾವ ಚರಂಡಿಯಲ್ಲಿ ನೀರು ನಿಲ್ಲುತ್ತದೆ, ಯಾವ ಕಟ್ಟಡದ ಛಾವಣಿ ಸೋರುತ್ತದೆ ಎಂಬ ವಿವರ ಅದರಲ್ಲಿರಲಿ. ಊರಿನ ಮಣ್ಣು ಕೆಂಪೋ ಕಪ್ಪೋ, ಅತಿ ಕಿರಿದಾದ ಓಣಿಯ ಅಗಲ ಎಷ್ಟು ಅಡಿ, ಲಾರಿ ಎಲ್ಲಿಯವರೆಗೆ ಬರುತ್ತದೆ, ಕ್ರಷರ್ ಎಷ್ಟು ದೂರದಲ್ಲಿದೆ ಎಂಬುದನ್ನೂ ಗುರುತಿಸಿಕೊಳ್ಳಬೇಕು. ಮಾರುವವನು ಎಷ್ಟೇ ಸೊಗಸಾಗಿ ಮಾತನಾಡಲಿ, ಈ ಹಾಳೆ ಕೈಯಲ್ಲಿದ್ದರೆ ಮಾತು ಪುನಃ ನಮ್ಮೂರಿಗೆ ಬರುತ್ತದೆ.

ಎಲ್ಲ ಸದಸ್ಯರೂ ಹೋಗಬೇಕಾದ ಅಗತ್ಯವಿಲ್ಲ. ಗಾರೆ ಕೆಲಸ ಅಥವಾ ಕಬ್ಬಿಣ ಕಟ್ಟುವ ಕೆಲಸ ಬಲ್ಲ ಸದಸ್ಯರಿದ್ದರೆ ಅವರನ್ನು ಬಿಟ್ಟು ಹೋಗಬಾರದು. ವಸ್ತುವನ್ನು ಕೈಯಲ್ಲಿ ಹಿಡಿದೇ ಅವರು ಅರ್ಧ ವಿಷಯ ಹೇಳಬಲ್ಲರು. ಅಂಗನವಾಡಿ, ಶೌಚಾಲಯ, ನೀರಿನ ತೊಟ್ಟಿಗಳನ್ನು ದಿನನಿತ್ಯ ಬಳಸುವ ಮಹಿಳಾ ಸದಸ್ಯರೂ ತಂಡದಲ್ಲಿರುವುದು ಅವಶ್ಯ.

ಪ್ರಯಾಣ ವೆಚ್ಚವನ್ನು ಯಾವ ಲೆಕ್ಕಶೀರ್ಷಿಕೆಯಿಂದ ಭರಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. 15ನೇ ಹಣಕಾಸು ಆಯೋಗದ ಅನಿರ್ಬಂಧಿತ ಅನುದಾನವನ್ನು ಕೂಡ ಸಂಬಳ ಮತ್ತು ಇತರ ಆಡಳಿತ ವೆಚ್ಚಗಳಿಗೆ ಬಳಸುವಂತಿರಲಿಲ್ಲ ಎಂಬುದನ್ನು ಮರೆಯಬಾರದು. ‘ಬಸ್ಸು ಊಟ ಎಲ್ಲ ನಮ್ಮದೇ’ ಎಂದು ಯಾವುದಾದರೂ ಕಂಪನಿಯ ಪ್ರತಿನಿಧಿ ಮುಂದೆ ಬಂದರೆ ಅದನ್ನು ನಯವಾಗಿ ನಿರಾಕರಿಸಬೇಕು. ಮುಂದೆ ಅದೇ ಕಂಪನಿ ಟೆಂಡರಿನಲ್ಲಿ ಭಾಗವಹಿಸಿದ ದಿನ ಆ ಊಟದ ಲೆಕ್ಕ ಬಹಳ ದುಬಾರಿಯಾಗಿ ಪರಿಣಮಿಸುತ್ತದೆ.

ಯಂತ್ರಗಳ ನಡುವೆ

ಎಕ್ಸ್‌ಕಾನ್‌ನಂತಹ ಪ್ರದರ್ಶನದಲ್ಲಿ ಮೊದಲು ಕಣ್ಣಿಗೆ ಬೀಳುವುದು ಮಣ್ಣು ಅಗೆಯುವ ಬೃಹತ್ ಯಂತ್ರಗಳು. ನಮ್ಮ ಹಳ್ಳಿಗಳಲ್ಲಿ ಹಿಂದೆ ಮುಂದೆ ಎರಡೂ ಕಡೆ ಬಾಯಿರುವ ಯಂತ್ರವೆಲ್ಲ ‘ಜೆಸಿಬಿ’, ಚೈನಿನ ಮೇಲೆ ನಡೆಯುವುದೆಲ್ಲ ‘ಹಿಟಾಚಿ’. ಮೊದಲನೆಯದು 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಸ್ಥಾಪಿಸಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಅವರ ಹೆಸರಿನ ಮೂರು ಮೊದಲಕ್ಷರಗಳು. ಎರಡನೆಯದು ಜಪಾನಿನ ಕಂಪನಿಯ ಹೆಸರಾದರೂ ಟಾಟಾ ಜೊತೆಗೂಡಿ ನಮ್ಮ ಧಾರವಾಡದಲ್ಲಿಯೇ ಯಂತ್ರಗಳನ್ನು ತಯಾರಿಸುತ್ತದೆ. ಈ ದೊಡ್ಡ ಯಂತ್ರಗಳನ್ನು ನೋಡಿ ಸಂತೋಷಪಡಬಹುದು. ಗ್ರಾಮ ಪಂಚಾಯತಿಗೆ ಅವುಗಳಿಂದ ಆಗಬೇಕಾದದ್ದು ಹೆಚ್ಚಿಲ್ಲ. 2005ರ ಉದ್ಯೋಗ ಖಾತರಿ ಅಧಿನಿಯಮದಡಿ ಗುತ್ತಿಗೆದಾರರನ್ನೂ ಕೂಲಿಕಾರರ ಕೆಲಸ ಕಸಿಯುವ ಯಂತ್ರಗಳನ್ನೂ ಬಳಸಬಾರದೆಂದು ವಿಧಿಸಲಾಗಿತ್ತು. ಯಂತ್ರದ ವೇಗವನ್ನು ಹೊಗಳುವ ಮಳಿಗೆಯಲ್ಲಿ ನಿಂತಾಗ, ಊರಿನಲ್ಲಿ ಕೆಲಸ ಕೇಳಿ ಅರ್ಜಿ ಹಾಕಿದವರ ಪಟ್ಟಿಯೂ ನೆನಪಿನಲ್ಲಿರಬೇಕು.

ಸದಸ್ಯರು ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ ಕಾಂಕ್ರೀಟ್ ಮಿಶ್ರಣದ ಯಂತ್ರಗಳದ್ದು. ನಮ್ಮ ಓಣಿಗಳ ಕಾಂಕ್ರೀಟ್ ಇಂದಿಗೂ ಬಹುತೇಕ ಸಣ್ಣ ಮಿಕ್ಸರ್‌ನಲ್ಲಿ, ಬುಟ್ಟಿಯ ಅಳತೆಯಲ್ಲಿ, ಕಣ್ಣಂದಾಜಿನ ನೀರಿನಲ್ಲಿ ತಯಾರಾಗುತ್ತದೆ. ಜಲ್ಲಿ ಮತ್ತು ಮರಳನ್ನು ತಾನೇ ಎತ್ತಿ ಹಾಕಿಕೊಂಡು, ತೂಕ ಮಾಡಿ, ನೀರನ್ನು ಲೀಟರ್ ಲೆಕ್ಕದಲ್ಲಿ ಬಿಟ್ಟುಕೊಳ್ಳುವ ಸಂಚಾರಿ ಮಿಕ್ಸರ್‌ಗಳು ಈಗ ಬಂದಿವೆ. ಇಂತಹ ಯಂತ್ರವನ್ನು ಗ್ರಾಮ ಪಂಚಾಯತಿ ಕೊಳ್ಳಬೇಕೆಂದು ಇದರ ಅರ್ಥವಲ್ಲ. ಅದು ಏನನ್ನು ಅಳೆಯುತ್ತದೆ, ಏಕೆ ಅಳೆಯುತ್ತದೆ ಎಂಬುದನ್ನು ಅಲ್ಲಿ ನಿಂತು ಅರಿತುಕೊಂಡರೆ, ಊರಿನ ಹಳೆಯ ಮಿಕ್ಸರ್‌ನ ಮುಂದೆ ನಿಂತು ಏನನ್ನು ಕೇಳಬೇಕು ಎಂಬುದು ತಿಳಿಯುತ್ತದೆ.

ಕಾಂಕ್ರೀಟಿನ ಬಲವನ್ನು ನಿರ್ಧರಿಸುವುದರಲ್ಲಿ ಮುಖ್ಯವಾದದ್ದು ಸಿಮೆಂಟಿನ ತೂಕಕ್ಕೆ ನೀರಿನ ತೂಕದ ಪ್ರಮಾಣ. ಅಮೆರಿಕದ ಡಫ್ ಏಬ್ರಮ್ಸ್ ಎಂಬ ತಜ್ಞರು 1918ರಲ್ಲಿಯೇ ಇದನ್ನು ತೋರಿಸಿಕೊಟ್ಟರು. ಈ ಪ್ರಮಾಣ ಅರ್ಧ ಎಂದಿಟ್ಟುಕೊಂಡರೆ 50 ಕೆ.ಜಿ.ಯ ಒಂದು ಚೀಲ ಸಿಮೆಂಟಿಗೆ 25 ಲೀಟರ್ ನೀರು. ಒದ್ದೆ ಮರಳಿನಲ್ಲಿರುವ ನೀರೂ ಅದರಲ್ಲಿಯೇ ಸೇರಬೇಕು. ಕೆಲಸದವರಿಗೆ ಗಟ್ಟಿ ಕಾಂಕ್ರೀಟನ್ನು ಹರಡುವುದು ಕಷ್ಟ. ಆದುದರಿಂದ ಕೊಡಗಟ್ಟಲೆ ನೀರು ಬೀಳುತ್ತದೆ, ಕಾಂಕ್ರೀಟ್ ಗಂಜಿಯಂತೆ ಹರಿಯುತ್ತದೆ, ಮಟ್ಟ ಮಾಡಲು ಸುಲಭವಾಗುತ್ತದೆ. ಸಿಮೆಂಟಿಗೆ ಬೇಡವಾದ ಆ ನೀರು ಆಮೇಲೆ ಆವಿಯಾಗಿ ಹೋಗಿ, ಇದ್ದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳನ್ನು ಬಿಡುತ್ತದೆ. ಮೇಲ್ಪದರ ಪುಡಿಯಾಗಿ ಏಳುವುದಕ್ಕೆ ಸಿಮೆಂಟಿನ ಕೊರತೆಯಷ್ಟೇ ನೀರಿನ ಹೆಚ್ಚಳವೂ ಕಾರಣ. ಸಿಮೆಂಟು ಕದ್ದರೆಂದು ಗ್ರಾಮಸಭೆಯಲ್ಲಿ ಜಗಳವಾಗುತ್ತದೆ. ನೀರು ಹೆಚ್ಚು ಸುರಿದರೆಂದು ಯಾರೂ ಜಗಳವಾಡಿದ್ದನ್ನು ಕಾಣೆವು.

ಇದರ ಪಕ್ಕದಲ್ಲಿಯೇ ಪರೀಕ್ಷಾ ಸಲಕರಣೆಗಳ ಮಳಿಗೆಗಳಿರುತ್ತವೆ. ಅಲ್ಲಿ ಜನಸಂದಣಿ ಕಡಿಮೆ. ಗ್ರಾಮ ಪಂಚಾಯತಿಗೆ ನಿಜವಾಗಿ ಉಪಯುಕ್ತವಾದವು ಅಲ್ಲಿಯೇ ಇವೆ ಎಂಬುದು ನಮ್ಮ ಅಭಿಪ್ರಾಯ. ಕಾಂಕ್ರೀಟ್ ಎಷ್ಟು ನೀರಾಗಿದೆ ಎಂದು ನೋಡುವ 300 ಮಿ.ಮೀ. ಎತ್ತರದ ಸ್ಲಂಪ್ ಶಂಕು ಒಂದು ಸರಳ ಲೋಹದ ಅಚ್ಚು. ಬಲವನ್ನು ಪರೀಕ್ಷಿಸಲು 150 ಮಿ.ಮೀ. ಅಳತೆಯ ಘನಾಕೃತಿಯ ಅಚ್ಚುಗಳಲ್ಲಿ ಕಾಂಕ್ರೀಟ್ ತುಂಬಿ, ನೀರಿನಲ್ಲಿಟ್ಟು, 28ನೇ ದಿನ ಒತ್ತಡ ಯಂತ್ರದಲ್ಲಿ ಒಡೆಯಲಾಗುತ್ತದೆ. ಎಂ-20 ಎಂದರೆ 28 ದಿನಗಳಲ್ಲಿ ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್ ಒತ್ತಡವನ್ನು ತಾಳುವ ಕಾಂಕ್ರೀಟ್ ಎಂದರ್ಥ. ಭಾರತೀಯ ಮಾನಕ 456ರ ಪ್ರಕಾರ 31ರಿಂದ 50 ಘನ ಮೀಟರ್‌ವರೆಗಿನ ಕಾಂಕ್ರೀಟಿಗೆ 4 ಮಾದರಿಗಳು, ಪ್ರತಿ ಮಾದರಿಗೆ 3 ಘನಗಳು ಬೇಕು. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪದ ಓಣಿಯ ರಸ್ತೆಗೆ 45 ಘನ ಮೀಟರ್ ಕಾಂಕ್ರೀಟ್ ಬೇಕಾಗುವುದರಿಂದ, ಆ ಲೆಕ್ಕದಲ್ಲಿ 12 ಘನಗಳು. ನಿಮ್ಮ ಪಂಚಾಯತಿಯ ಕಳೆದ ವರ್ಷದ ಇಂತಹ ರಸ್ತೆಯ ಕಡತದಲ್ಲಿ ಎಷ್ಟು ಘನಗಳ ಪರೀಕ್ಷಾ ವರದಿಯಿದೆ ಎಂದು ಒಮ್ಮೆ ತೆರೆದು ನೋಡಿ.

ಅದೇ ಮಾನಕವು ಕಾಂಕ್ರೀಟಿಗೆ ನೀರುಣಿಸುವ ಅವಧಿಯನ್ನೂ ಹೇಳುತ್ತದೆ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಮುಂತಾದವು ಬೆರೆತ ಸಿಮೆಂಟಿಗೆ ಅಥವಾ ಒಣ ಬಿಸಿಲಿನ ಹವೆಯಲ್ಲಿ ಕನಿಷ್ಠ 10 ದಿನ. ಬೆರೆತ ಸಿಮೆಂಟಿಗೆ ಇದನ್ನು 14 ದಿನಕ್ಕೆ ಏರಿಸುವುದು ಉತ್ತಮವೆಂದು ಸಲಹೆಯಿದೆ. ಈಗ ಅಂಗಡಿಗಳಲ್ಲಿ ದೊರೆಯುವ ಚೀಲಗಳಲ್ಲಿ ಬಹಳಷ್ಟು ಬೆರೆತ ಸಿಮೆಂಟೇ. ನೀರಿನ ಬದಲು ಮೇಲೆ ಸಿಂಪಡಿಸುವ ದ್ರಾವಣಗಳನ್ನು ಪ್ರದರ್ಶನದಲ್ಲಿ ತೋರಿಸುತ್ತಾರೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಬಿಡಬೇಕಾದ ಗ್ರಾಮಗಳಲ್ಲಿ ಇವುಗಳ ಬಗ್ಗೆ ಅಭಿಯಂತರರೊಡನೆ ಚರ್ಚಿಸುವುದು ಯೋಗ್ಯ.

‘ಏಳು ದಿನದಲ್ಲಿ ಮನೆ’ ಎಂಬ ಮಾತು

ಸಮ್ಮೇಳನಗಳಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ವೇಗದ್ದು. ಇದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಹೇಳಿದಂತೆಯೇ ನಂಬುವಂತೆಯೂ ಇಲ್ಲ. 2019ರ ದೆಹಲಿ ಸಮ್ಮೇಳನದ ಮುಂದಿನ ಕಥೆ ಇದಕ್ಕೆ ಒಳ್ಳೆಯ ಪಾಠ. ಜಾಗತಿಕ ಸ್ಪರ್ಧೆಯ ಮೂಲಕ 54 ತಂತ್ರಜ್ಞಾನಗಳನ್ನು ಆಯ್ದು, ಅವುಗಳಲ್ಲಿ 6 ಬಗೆಗಳನ್ನು 6 ನಗರಗಳಲ್ಲಿ ‘ಲೈಟ್ ಹೌಸ್’ ಯೋಜನೆಗಳೆಂದು ಕಟ್ಟಿ ನೋಡಲು ನಿರ್ಧರಿಸಲಾಯಿತು. ಇಂದೋರ್, ರಾಜ್‌ಕೋಟ್, ಚೆನ್ನೈ, ರಾಂಚಿ, ಅಗರ್ತಲಾ, ಲಖನೌ ಈ ಆರು ನಗರಗಳು. ಚೆನ್ನೈನಲ್ಲಿ ಕಾಂಕ್ರೀಟಿನ ಬಿಡಿಭಾಗಗಳನ್ನು ಮೊದಲೇ ಎರಕ ಹೊಯ್ದು ತಂದು ಜೋಡಿಸುವ ಕ್ರಮ, ರಾಜ್‌ಕೋಟ್‌ನಲ್ಲಿ ಗೋಡೆ ಛಾವಣಿಗಳನ್ನು ಒಟ್ಟಿಗೆ ಎರಕ ಹೊಯ್ಯುವ ಸುರಂಗದಾಕಾರದ ಅಚ್ಚಿನ ಕ್ರಮ, ಅಗರ್ತಲಾದಲ್ಲಿ ಹಗುರ ಉಕ್ಕಿನ ಚೌಕಟ್ಟು, ಹೀಗೆ ಒಂದೊಂದೆಡೆ ಒಂದೊಂದು. ಪ್ರತಿ ನಗರದಲ್ಲಿ ಸಾವಿರ ಅಥವಾ ಅದಕ್ಕೂ ಹೆಚ್ಚು ಮನೆಗಳು.

2021ರ ಜನವರಿ 1ರಂದು ಶಂಕುಸ್ಥಾಪನೆಯಾದಾಗ 12 ತಿಂಗಳಲ್ಲಿ ಮುಗಿಸುವ ಗುರಿಯಿತ್ತು. ಚೆನ್ನೈನ 1,152 ಮನೆಗಳು 2022ರ ಮೇ 26ರಂದು, ರಾಜ್‌ಕೋಟ್‌ನ 1,144 ಮನೆಗಳು ಅದೇ ವರ್ಷದ ಅಕ್ಟೋಬರ್ 19ರಂದು ಉದ್ಘಾಟನೆಗೊಂಡವು. ನಡುವೆ ಕೋವಿಡ್‌ನ ಎರಡನೆಯ ಅಲೆಯೂ ಬಂದುಹೋಯಿತು ಎಂಬುದನ್ನು ಗಮನಿಸಿದರೆ ಇದು ಕಡಿಮೆ ಸಾಧನೆಯಲ್ಲ. ಆದರೆ ಕೇಂದ್ರ ಸರ್ಕಾರದ ನೇರ ಮೇಲ್ವಿಚಾರಣೆಯಿದ್ದ ಕೆಲಸಗಳಿಗೇ 12 ತಿಂಗಳ ಬದಲು 17 ತಿಂಗಳು, 22 ತಿಂಗಳು ಹಿಡಿದಿವೆಯೆಂದರೆ, ಮಳಿಗೆಯಲ್ಲಿ ಹೇಳುವ ದಿನಗಳ ಲೆಕ್ಕವನ್ನು ನಾವು ಹೇಗೆ ಓದಬೇಕು ಎಂಬುದು ಸ್ಪಷ್ಟ. ಇವೆಲ್ಲ ಸಾವಿರ ಮನೆಗಳು ಒಂದೇ ಕಡೆ ಏಳುವ ನಗರದ ಯೋಜನೆಗಳು ಎಂಬುದು ಇನ್ನೂ ಮುಖ್ಯ. ಒಂದೇ ಅಚ್ಚನ್ನು ನೂರಾರು ಬಾರಿ ಬಳಸಿದಾಗ ಮಾತ್ರ ಅದರ ಬೆಲೆ ಹಂಚಿಹೋಗುತ್ತದೆ. ನಮ್ಮ ವಸತಿ ಯೋಜನೆಯ ಫಲಾನುಭವಿಗಳು ಈ ಓಣಿಯಲ್ಲಿ ಒಬ್ಬರು, ಆ ತಾಂಡಾದಲ್ಲಿ ಇಬ್ಬರು. ಅವರವರ ನಿವೇಶನದ ಅಳತೆಯೂ ಬೇರೆ ಬೇರೆ.

ಬೆಂಗಳೂರಿನ ಹಲಸೂರು ಬಳಿಯ ಕೇಂಬ್ರಿಡ್ಜ್ ಬಡಾವಣೆಯಲ್ಲಿ 2023ರ ಆಗಸ್ಟ್ 18ರಂದು ಉದ್ಘಾಟನೆಯಾದ ಅಂಚೆ ಕಚೇರಿಯನ್ನು ಸಾಧ್ಯವಾದರೆ ಒಮ್ಮೆ ನೋಡಿಬನ್ನಿ. ಮದ್ರಾಸ್ ಐಐಟಿಯ ತಾಂತ್ರಿಕ ಮಾರ್ಗದರ್ಶನದಲ್ಲಿ ಎಲ್ ಅಂಡ್ ಟಿ ಸಂಸ್ಥೆ ಕಟ್ಟಿದ ಈ 1,021 ಚದರ ಅಡಿಯ ಕಟ್ಟಡದಲ್ಲಿ ಯಂತ್ರವೇ ಕಾಂಕ್ರೀಟನ್ನು ಪದರ ಪದರವಾಗಿ ಸುರಿದು ಗೋಡೆ ಎಬ್ಬಿಸಿದೆ. ಕೆಲಸ ಮುಗಿದದ್ದು ಸುಮಾರು ಒಂದೂವರೆ ತಿಂಗಳಲ್ಲಿ. ಗೋಡೆಯ ಮೇಲೆ ಪದರಗಳ ಗೆರೆ ಕಾಣುತ್ತದೆ, ಕೈಯಾಡಿಸಿ ನೋಡಬಹುದು. ಆದರೆ ಮೂರು ಆಯಾಮದ ಮುದ್ರಣ ಯಂತ್ರ ಮಾಡುವುದು ಗೋಡೆಯ ಕೆಲಸವನ್ನು. ಪಾಯ, ಛಾವಣಿ, ವಿದ್ಯುತ್ ತಂತಿ, ನೀರಿನ ಕೊಳವೆ, ಕಿಟಕಿ ಬಾಗಿಲುಗಳಿಗೆ ಬೇರೆ ಕೆಲಸಗಾರರು ಬೇಕು. ಅಂಗನವಾಡಿ ಕೊಠಡಿಯೊಂದು ತಡವಾಗುವುದು ಗೋಡೆ ಕಟ್ಟುವುದು ನಿಧಾನವಾದುದರಿಂದಲೋ ಅಥವಾ ನಿವೇಶನದ ತಕರಾರು, ಕಂತಿನ ಹಣದ ವಿಳಂಬಗಳಿಂದಲೋ ಎಂಬುದನ್ನು ಸದಸ್ಯರೇ ಬಲ್ಲರು. ನಿವೇಶನದ ತಕರಾರನ್ನು ಯಾವ ಯಂತ್ರವೂ ಮುದ್ರಿಸಿ ಪರಿಹರಿಸುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ಸದಸ್ಯರ ತಂಡವೊಂದರ ಜೊತೆ ಈ ಲೇಖಕನು ಇಂತಹ ಒಂದು ಪ್ರದರ್ಶನಕ್ಕೆ ಹೋಗಿದ್ದನು. ಇಂಟರ್‌ಲಾಕ್ ಕಲ್ಲು ತಯಾರಿಸುವ ಯಂತ್ರದ ಮಳಿಗೆಯಲ್ಲಿ ಪ್ರತಿನಿಧಿಯು ದಿನಕ್ಕೆ ಎಷ್ಟು ಕಲ್ಲು, ಪಂಚಾಯತಿಗೆ ಎಷ್ಟು ಆದಾಯ ಎಂದು ಅರ್ಧ ಗಂಟೆ ವಿವರಿಸಿದನು. ನಮ್ಮೆಲ್ಲರ ತಲೆ ಆಡುತ್ತಿತ್ತು. ಆಗ ಅಧ್ಯಕ್ಷೆಯೊಬ್ಬರು, ಅಷ್ಟು ಹೊತ್ತು ಸುಮ್ಮನಿದ್ದವರು, ‘ಸ್ವಾಮಿ, ಇದು ಕೆಟ್ಟು ನಿಂತರೆ ನಮ್ಮೂರಿಗೆ ಯಾರು ಬರ್ತಾರೆ? ಎಷ್ಟು ದಿನಕ್ಕೆ ಬರ್ತಾರೆ?’ ಎಂದು ಕೇಳಿದರು. ಆತನ ಬಳಿ ಉತ್ತರವಿರಲಿಲ್ಲ. ರಿಪೇರಿಯ ಜನ ಇದ್ದದ್ದು ಹೊರರಾಜ್ಯದಲ್ಲಿ. ದಿನವಿಡೀ ಅಭಿಯಂತರನಾದ ನಾನು ಕೇಳಿದ ಯಾವ ಪ್ರಶ್ನೆಯೂ ಅದರಷ್ಟು ಉಪಯುಕ್ತವಾಗಿರಲಿಲ್ಲ.

ಆ ಪ್ರಶ್ನೆಯ ಜೊತೆಗೆ ಇನ್ನೂ ಕೆಲವನ್ನು ಕೇಳಬೇಕು. ಈ ವಸ್ತುವಿಗೆ ಭಾರತೀಯ ಮಾನಕವಿದೆಯೇ, ಇದ್ದರೆ ಅದರ ಸಂಖ್ಯೆ ಏನು? ತೀರ ಹೊಸದಾಗಿ ಮಾನಕವಿಲ್ಲದಿದ್ದರೆ, ಕೇಂದ್ರದ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಉತ್ತೇಜನ ಮಂಡಳಿಯು ನೀಡುವ ಕಾರ್ಯಕ್ಷಮತೆ ಮೌಲ್ಯಮಾಪನ ಪ್ರಮಾಣಪತ್ರವಿದೆಯೇ, ಅದರ ಅವಧಿ ಮುಗಿದಿಲ್ಲವಷ್ಟೇ? ಕರ್ನಾಟಕದಲ್ಲಿ ಎಲ್ಲಿ ಬಳಸಿದ್ದೀರಿ, 5 ಮಳೆಗಾಲ ಕಂಡ ಕೆಲಸ ಯಾವುದಿದೆ, ನಾವೇ ಹೋಗಿ ನೋಡಬಹುದೇ? ಹೇಳಿದ ಬೆಲೆಯಲ್ಲಿ ಸಾಗಾಣಿಕೆ, ತೆರಿಗೆ, ಜೋಡಿಸುವ ಕೂಲಿ ಸೇರಿವೆಯೇ? ನಮ್ಮೂರಿನ ಗಾರೆಯವರು ಇದನ್ನು ಕಲಿಯಲು ಎಷ್ಟು ದಿನ ಬೇಕು? ಉತ್ತರಗಳನ್ನು ಆತನ ಮುಂದೆಯೇ ಪುಸ್ತಕದಲ್ಲಿ ಬರೆದುಕೊಳ್ಳಿ. ಬರೆದುಕೊಳ್ಳುವವರ ಮುಂದೆ ಜನ ಅಳೆದು ಮಾತನಾಡುತ್ತಾರೆ.

ಒಂದು ಉದಾಹರಣೆಯಿಂದ ಇದನ್ನು ಪರಿಶೀಲಿಸೋಣ. ಮೊದಲೇ ಎರಕ ಹೊಯ್ದ ‘ಯು’ ಆಕಾರದ ಚರಂಡಿ ತುಂಡುಗಳು ನೋಡಲು ಬಹಳ ಅಚ್ಚುಕಟ್ಟು. ಒಳಗೆ 45 ಸೆಂ.ಮೀ. ಅಗಲ, ಅಷ್ಟೇ ಆಳ, ಗೋಡೆ ಮತ್ತು ತಳ 7.5 ಸೆಂ.ಮೀ. ದಪ್ಪವಿರುವ 1 ಮೀಟರ್ ಉದ್ದದ ತುಂಡು ಸುಮಾರು 280 ಕೆ.ಜಿ. ತೂಗುತ್ತದೆ. ಅದನ್ನು ಇಳಿಸಲು ಯಂತ್ರ ಬೇಕು. ಯಂತ್ರ ನಿಲ್ಲಲು ಓಣಿಯಲ್ಲಿ ಜಾಗ ಬೇಕು. ಮುಖ್ಯರಸ್ತೆಯ ಬದಿಯಲ್ಲಿ ಇದು ಒಳ್ಳೆಯ ಆಯ್ಕೆಯಾಗಬಹುದು. 8 ಅಡಿಯ ಓಣಿಯಲ್ಲಿ, ಮನೆಮನೆಯ ಮೆಟ್ಟಿಲು ಚರಂಡಿಯ ಮೇಲೆಯೇ ಇರುವಲ್ಲಿ, ಸ್ಥಳದಲ್ಲಿಯೇ ಕಟ್ಟುವ ಚರಂಡಿಯೇ ಅನಿವಾರ್ಯ. ಎರಡರಲ್ಲಿಯೂ ತಳದ ಇಳಿಜಾರು ತಪ್ಪಿದರೆ ನೀರು ನಿಲ್ಲುವುದು ಒಂದೇ ಬಗೆ.

ಇಂಟರ್‌ಲಾಕ್ ಕಲ್ಲುಗಳ ವಿಷಯವೂ ಹೀಗೆಯೇ. ಭಾರತೀಯ ಮಾನಕ 15658ರಲ್ಲಿ ವಾಹನ ಸಂಚಾರದ ಭಾರಕ್ಕೆ ತಕ್ಕಂತೆ ಕಲ್ಲಿನ ದಪ್ಪ ಮತ್ತು ಬಲವನ್ನು ಹೇಳಲಾಗಿದೆ. ಬೈಕು, ಆಟೋ ಓಡಾಡುವ ಓಣಿಗೆ 60 ಮಿ.ಮೀ. ಸಾಕಾಗಬಹುದು, ಕಬ್ಬಿನ ಟ್ರಾಕ್ಟರ್ ಅಥವಾ ಲಾರಿ ಹೋಗುವ ದಾರಿಗೆ ಸಾಲದು. ಈ ಕಲ್ಲುಹಾಸು ಹಾಳಾಗುವುದು ಹೆಚ್ಚಾಗಿ ಅಂಚಿನಿಂದ. ಎರಡೂ ಬದಿಗೆ ಗಟ್ಟಿಯಾದ ಅಂಚುಗಲ್ಲು ಇಲ್ಲದಿದ್ದರೆ ಕಲ್ಲುಗಳು ಸರಿದು, ನಡುವಿನ ಮರಳು ಜಾರಿ, ಇಡೀ ಹಾಸು ಸಡಿಲಾಗುತ್ತದೆ. ಅಂದಾಜು ಪಟ್ಟಿಯಲ್ಲಿ ಅಂಚುಗಲ್ಲು ಇದೆಯೇ ಎಂದು ನೋಡುವುದಕ್ಕೆ ಸಮ್ಮೇಳನಕ್ಕೆ ಹೋಗಬೇಕಾಗಿಲ್ಲ. ಆದರೆ ಅಲ್ಲಿ ಒಳ್ಳೆಯ ಮಾದರಿಯನ್ನು ಕಂಡವರಿಗೆ ಅದರ ಮಹತ್ವ ಮನಸ್ಸಿನಲ್ಲಿ ಉಳಿಯುತ್ತದೆ.

ಪ್ಲಾಸ್ಟಿಕ್ ರಸ್ತೆಯ ಬಗ್ಗೆ ಸದಸ್ಯರು ಆಗಾಗ ವಿಚಾರಿಸುತ್ತಾರೆ. ಮಧುರೈನ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ಅವರು ರೂಪಿಸಿದ, 2018ರಲ್ಲಿ ಅವರಿಗೆ ಪದ್ಮಶ್ರೀ ತಂದುಕೊಟ್ಟ ಈ ವಿಧಾನದಲ್ಲಿ, ಚೂರು ಮಾಡಿದ ಪ್ಲಾಸ್ಟಿಕ್ ಅನ್ನು ಬಿಸಿ ಜಲ್ಲಿಯ ಮೇಲೆ ಲೇಪಿಸಿ ಆಮೇಲೆ ಡಾಂಬರು ಬೆರೆಸಲಾಗುತ್ತದೆ. ಪಿ.ವಿ.ಸಿ. ಪ್ಲಾಸ್ಟಿಕ್ ಇದಕ್ಕೆ ಸಲ್ಲದು. ಬಿಸಿಗೆ ವಿಷಾನಿಲ ಬಿಡುತ್ತದೆ. ಇದು ಡಾಂಬರು ರಸ್ತೆಯ ತಂತ್ರ. ನಮ್ಮ ಓಣಿಗಳು ಕಾಂಕ್ರೀಟಿನವು. ಆದುದರಿಂದ ಗ್ರಾಮ ಪಂಚಾಯತಿಗೆ ಇದರಲ್ಲಿರುವ ಪಾತ್ರ ರಸ್ತೆ ಮಾಡುವುದಕ್ಕಿಂತ, ಸ್ವಚ್ಛ ಸಂಕೀರ್ಣದಲ್ಲಿ ವಿಂಗಡಿಸಿದ ಪ್ಲಾಸ್ಟಿಕ್ ಅನ್ನು ಬೇಕಾದವರಿಗೆ ಒದಗಿಸುವುದರಲ್ಲಿದೆ.

ಹೊಸದರ ಹೊಳಪಿನಲ್ಲಿ ಹಳೆಯ ಒಳ್ಳೆಯ ತಂತ್ರಗಳು ಮರೆಯಾಗಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ಪ್ರದೇಶಗಳಿಗಾಗಿಯೇ ಪ್ರಾರಂಭವಾದ ‘ಅಸ್ತ್ರ’ ಕೇಂದ್ರವು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ದಶಕಗಳ ಹಿಂದೆಯೇ ಬಳಕೆಗೆ ತಂದಿತು. ಕೈಯಿಂದ ಒತ್ತುವ ಯಂತ್ರ ಸಾಕು; ಸುಡಲು ಸೌದೆ ಬೇಡ; ಕೂಲಿ ಊರಿನಲ್ಲಿಯೇ ಉಳಿಯುತ್ತದೆ. ಇದಕ್ಕೆ ಭಾರತೀಯ ಮಾನಕ 1725 ಇದೆ. ಕೆಂಪು ಮಣ್ಣಿನ ಸೀಮೆಗೆ ಇದು ಚೆನ್ನಾಗಿ ಒಗ್ಗುತ್ತದೆ, ಎರೆ ಮಣ್ಣನ್ನು ಇದ್ದ ಹಾಗೆಯೇ ಬಳಸುವಂತಿಲ್ಲ. ದೊಡ್ಡ ಪ್ರದರ್ಶನಗಳಲ್ಲಿ ಇದಕ್ಕೆ ದೊಡ್ಡ ಮಳಿಗೆ ಇರುವುದಿಲ್ಲ, ಏಕೆಂದರೆ ಇದರಿಂದ ದೊಡ್ಡ ಲಾಭ ಪಡೆಯುವ ಕಂಪನಿಯಿಲ್ಲ. ಜಿಲ್ಲಾ ನಿರ್ಮಿತಿ ಕೇಂದ್ರಗಳಲ್ಲಿ ವಿಚಾರಿಸಬಹುದು.

ಬಂದ ಮೇಲೆ

ಹಿಂದಿರುಗಿದ ತಂಡವು ಮಾಡಬಾರದ ಮೊದಲ ಕೆಲಸವೆಂದರೆ ಕಂಪನಿಯೊಂದರ ಹೆಸರನ್ನು ನಮೂದಿಸಿ ಠರಾವು ಮಾಡುವುದು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಗ್ರಾಮ ಪಂಚಾಯತಿಗಳಿಗೂ ಅನ್ವಯಿಸುತ್ತದೆ. ಪ್ರದರ್ಶನದಲ್ಲಿ ಪಡೆದ ದರಪತ್ರ ಮಾಹಿತಿ ಮಾತ್ರ. ಅದು ಖರೀದಿಗೆ ಆಧಾರವಲ್ಲ. ‘ಪ್ರದರ್ಶನದ ವಿಶೇಷ ರಿಯಾಯಿತಿ, ಇಂದೇ ಮುಂಗಡ ಕೊಟ್ಟರೆ ಮಾತ್ರ’ ಎಂಬ ಮಾತಿಗೆ ಸಾರ್ವಜನಿಕ ಹಣದ ವ್ಯವಹಾರದಲ್ಲಿ ಜಾಗವಿಲ್ಲ. ಟೆಂಡರಿನಿಂದ ತಪ್ಪಿಸಿಕೊಳ್ಳಲು ಒಂದೇ ಕೆಲಸವನ್ನು ತುಂಡು ತುಂಡಾಗಿ ಒಡೆಯುವುದು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಗೆ ಒಳಗಾಗುತ್ತದೆ. ವಸ್ತುವಿನ ವಿವರಣೆಯನ್ನು ಬರೆಯುವಾಗ ಮಾನಕದ ಸಂಖ್ಯೆ, ದಪ್ಪ, ಬಲ, ಖಾತರಿಯ ಅವಧಿ ಮುಂತಾದ ಗುಣಲಕ್ಷಣಗಳಿರಬೇಕು. ಒಂದೇ ಕಂಪನಿಗೆ ಹೊಂದುವಂತೆ ಬರೆಯಬಾರದು. ಪಂಚಾಯತಿಯ ಗುತ್ತಿಗೆಯಲ್ಲಿ ಸದಸ್ಯರಿಗೆ ಪಾಲು ಅಥವಾ ಹಿತಾಸಕ್ತಿಯಿದ್ದರೆ ಅದು ಸದಸ್ಯತ್ವದ ಅನರ್ಹತೆಗೂ ಕಾರಣವಾಗುತ್ತದೆ ಎಂಬುದು ಎಲ್ಲರಿಗೂ ತಿಳಿದಿರಲಿ.

ಸರಿಯಾದ ಕ್ರಮ ಹೀಗಿದೆ. ನೋಡಿ ಬಂದ ತಂತ್ರದಲ್ಲಿ ಊರಿಗೆ ಹೊಂದುವುದು ಯಾವುದೆಂದು ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸ್ಥಾಯಿ ಸಮಿತಿಯಲ್ಲಿ ಚರ್ಚಿಸಬೇಕು. ಆ ವಸ್ತು ಅಥವಾ ವಿಧಾನ ಚಾಲ್ತಿಯಲ್ಲಿರುವ ದರಪಟ್ಟಿಯಲ್ಲಿ ಇದೆಯೇ ಎಂಬುದನ್ನು ಅಭಿಯಂತರರು ತಿಳಿಸಬೇಕು. ಇದ್ದರೆ ಅಂದಾಜು ಪಟ್ಟಿ ತಯಾರಿಸಿ ಎಂದಿನಂತೆ ತಾಂತ್ರಿಕ ಮಂಜೂರಾತಿ ಪಡೆಯಬಹುದು. ಇಲ್ಲದಿದ್ದರೆ ದರ ವಿಶ್ಲೇಷಣೆಯನ್ನು ಸಕ್ಷಮ ಪ್ರಾಧಿಕಾರವು ಅನುಮೋದಿಸುವವರೆಗೆ ಕಾಯಬೇಕು. ಈ ಹಂತದಲ್ಲಿ ತಿಂಗಳುಗಳು ಉರುಳುವುದುಂಟು, ಸದಸ್ಯರಿಗೆ ಬೇಸರವಾಗುವುದೂ ಸಹಜ. ಆದರೆ ಅನುಮೋದನೆಯಿಲ್ಲದೆ ಮಾಡಿದ ಕೆಲಸದ ಬಿಲ್ಲು ಪಾವತಿಯಾಗದೆ ಉಳಿದಾಗ ಆಗುವ ತೊಂದರೆ ಅದಕ್ಕಿಂತ ದೊಡ್ಡದು. ಅನುಮೋದನೆ ದೊರೆತ ಮೇಲೂ ಇಡೀ ಊರಿಗೆ ಒಮ್ಮೆಲೇ ಅಳವಡಿಸದೆ, ಒಂದು ಓಣಿ ಅಥವಾ ಒಂದು ಕೊಠಡಿಯಲ್ಲಿ ಮಾಡಿ, ಒಂದು ಮಳೆಗಾಲ ಕಳೆಯಲು ಬಿಟ್ಟು ನೋಡುವುದು ಯುಕ್ತ. ಪಕ್ಕದಲ್ಲಿಯೇ ಹಳೆಯ ವಿಧಾನದ ಕೆಲಸವೂ ಇದ್ದರೆ ಹೋಲಿಕೆ ಸುಲಭ.

ಕಾನೂನಿನ ಈ ಎಲ್ಲ ಹಂತಗಳಿಗೂ ಕಾಯದೆ ನಾಳೆಯಿಂದಲೇ ಮಾಡಬಹುದಾದ ಕೆಲವು ಸಂಗತಿಗಳಿವೆ. ಮಿಕ್ಸರ್ ಬಳಿ ನೀರಿಗೆ ಅಳತೆಯ ಪಾತ್ರೆ ಇಡಿಸುವುದು, ಘನಗಳ ಪರೀಕ್ಷಾ ವರದಿಯಿಲ್ಲದೆ ಅಂತಿಮ ಬಿಲ್ಲನ್ನು ಸಭೆಗೆ ತರಬಾರದೆಂದು ನಿರ್ಣಯಿಸುವುದು, ನೀರುಣಿಸುವ ಹೊಣೆಯನ್ನು ವಾರ್ಡಿನ ಸದಸ್ಯರು ದಿನವಹಿ ಗಮನಿಸುವುದು. ಇವುಗಳಿಗೆ ಹೊಸ ದರಪಟ್ಟಿ ಬೇಡ, ಹೊಸ ಯಂತ್ರವೂ ಬೇಡ.

ತಂಡದ ವರದಿ ಎರಡು ಪುಟ ಮೀರಬೇಕಾಗಿಲ್ಲ. ಯಾವ ಸಮಸ್ಯೆಯನ್ನು ಒಯ್ದಿದ್ದೆವು, ಯಾರನ್ನು ಕಂಡೆವು, ಯಾವ ಪ್ರಶ್ನೆಗೆ ಯಾವ ಉತ್ತರ ಬಂತು, ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬುದಿದ್ದರೆ ಸಾಕು. ಅದನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ ನಡವಳಿಯಲ್ಲಿ ದಾಖಲಿಸಿ, ಪ್ರತಿಯೊಂದನ್ನು ತಾಲ್ಲೂಕು ಪಂಚಾಯತ್‌ಗೆ ಕಳುಹಿಸಬೇಕು. ಚೀಲ ತುಂಬ ತಂದ ಕರಪತ್ರಗಳನ್ನು ಮನೆಯ ಅಟ್ಟಕ್ಕೆ ಸೇರಿಸದೆ ಗ್ರಾಮದ ಅರಿವು ಕೇಂದ್ರದಲ್ಲಿಡಿ. ಐಟಿಐ, ಡಿಪ್ಲೊಮಾ ಓದುತ್ತಿರುವ ನಮ್ಮ ಮಕ್ಕಳು ಮತ್ತು ಊರಿನ ಗಾರೆಯವರು ಅವುಗಳನ್ನು ನಮಗಿಂತ ಹೆಚ್ಚು ಆಸಕ್ತಿಯಿಂದ ತಿರುವಿ ನೋಡುತ್ತಾರೆ.